ಬೆಳೆಯ ಜೊತೆ ಒಂದು ಫೋಟೊ

ನಮ್ಮ ಮನೆ, ಹಿತ್ತಲ ಮೆಟ್ಟಿಲು
ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ಯಜಮಾನರಿಗೆ,

ಎರಡನೇ ಆಪರೇಷನ್ ಆದ ಮೇಲೆ ಕಾಲು ಹೇಗಿದೆ? ನೋವಿದ್ದರೆ ಇದೆ ಎಂದು ನರ್ಸಮ್ಮನಿಗೆ ಬಾಯಿಬಿಟ್ಟು ಹೇಳಿ. ಆಸ್ಪತ್ರೆಯ ಮಂಚದ ಮೇಲೆ ಶೂರರಾಗಿ ಯಾರಿಗೆ ಏನು ಲಾಭ? ಊಟ ಸಪ್ಪೆ ಎಂದು ತಟ್ಟೆ ತಳ್ಳುತ್ತೀರಂತೆ, ನಿಮ್ಮ ತಮ್ಮ ಚಾಡಿ ಹೇಳಿದ. ತಿನ್ನಿ, ಮೂಳೆ ಕೂಡಬೇಕು. ಫೋನಿನಲ್ಲಿ ನೀವು ಹೂಂ, ಹೂಂ ಎಂದು ಮುಗಿಸಿಬಿಡುತ್ತೀರಿ. ಅದಕ್ಕೇ ಬರೆದು, ಒಗೆದ ಬಟ್ಟೆಯ ಜೊತೆ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅತ್ತೆ ಆರಾಮ. ಸೂರ್ಯಕಾಂತಿ ನನ್ನ ಎತ್ತರಕ್ಕೆ ಬಂದಿದೆ, ಹೂ ಬಿಡುತ್ತಿದೆ.

ಇನ್ನು ಬೆಳೆ ಸಹಾಯಧನದ ವಿಷಯ. ಈ ಸಲ ಸರ್ಕಾರದವರು ಬರೀ ಕಾಗದ ನೋಡಿ ಹಣ ಹಾಕುವುದಿಲ್ಲವಂತೆ, ಬೇಸಾಯ ಮಾಡುವವರು ಬೆಳೆಯ ನಡುವೆ ನಿಂತ ಫೋಟೊ ಬೇಕಂತೆ. ಹೆಸರು ನಿಮ್ಮದು, ನೀವೋ ಅಲ್ಲಿ ಕಾಲೆತ್ತಿ ಮಲಗಿದ್ದೀರಿ. ನಿಮ್ಮ ತಮ್ಮ "ನಾನಿಲ್ವಾ ಅತ್ತಿಗೆ, ಮೂಗು ಒಂದೇ ಅಚ್ಚು" ಎಂದು ನಿಮ್ಮ ಅಂಗಿ, ಟೋಪಿ ಹಾಕಿಕೊಂಡು ಹೊಲಕ್ಕೆ ಇಳಿದೇಬಿಟ್ಟ. ನಾನೂ ಸುಮ್ಮನಿದ್ದೆ. ಬಂದ ಅಧಿಕಾರಿ ನಮ್ಮ ಮಗಳ ವಯಸ್ಸಿನ ಹುಡುಗಿ. ಬಿಸಿಲಿಗೆ ಟೋಪಿ ಒಳ್ಳೆಯದು ಎಂದಳಷ್ಟೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವನು "ಟೋಪಿ ನಂದೇ ಮೇಡಂ!" ಎಂದ. ಸಾಲಿಗೂ ಸಾಲಿಗೂ ಎಷ್ಟು ಬಿಟ್ಟಿದ್ದೀರಿ ಎಂದು ಕೇಳಿದಳು. ನಮ್ಮ ದರ್ಜಿ ಮಹಾಶಯ, ಸೂಜಿ ಬಿಟ್ಟು ಬೇರೇನೂ ಹಿಡಿದವನಲ್ಲ, "ಎರಡಿಂಚು ಜಾಸ್ತೀನೇ ಬಿಟ್ಟಿದೀನಿ, ಆಮೇಲೆ ಬೇಕಾದ್ರೆ ಬಿಚ್ಕೋಬಹುದು" ಎಂದುಬಿಟ್ಟ! ನನಗೆ ನಗು ತಡೆಯಲಾಗಲಿಲ್ಲ, ಆ ಹುಡುಗಿಗೂ. ಅಷ್ಟು ನಕ್ಕ ಮೇಲೆ ಇನ್ನೆಂಥ ಸುಳ್ಳು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. "ಹಾಗಾದ್ರೆ ಇದನ್ನೆಲ್ಲ ಮಾಡಿದ್ದು ಯಾರು?" ಎಂದಳು. ನಿಮ್ಮ ಹೆಸರು ಹೇಳಲೆಂದೇ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬದುವಿನ ಮೇಲೆ ಕೂತಿದ್ದ ಅತ್ತೆ, ನಿಮ್ಮ ಹೆತ್ತ ತಾಯಿಯೇ, "ಅವಳನ್ನೇನು ಕೇಳ್ತೀಯಮ್ಮ, ಅವಳ ಕೈ ನೋಡು" ಎಂದರು. ನೀವು ಬಿದ್ದದ್ದು ಬಿತ್ತನೆಗೆ ಮೊದಲೇ ಅಲ್ಲವೇ. ನಾನು ಬಿತ್ತಿದ್ದು, ಕಳೆ ಕಿತ್ತದ್ದು, ನೀರು ತಿರುಗಿಸಿದ್ದು ಎಲ್ಲವನ್ನೂ ಒಪ್ಪಿಸಿದರು. ಇಷ್ಟು ವರ್ಷ ಉಪ್ಪು ಹೆಚ್ಚು, ಉಪ್ಪು ಕಮ್ಮಿ ಎನ್ನುತ್ತಿದ್ದವರ ಬಾಯಿಂದ ಈ ಮಾತು! ನನಗೆ ಅಳು ಬಂತು. ಹುಡುಗಿ ನನ್ನನ್ನೇ ನಿಲ್ಲಿಸಿ ಫೋಟೊ ತೆಗೆದಳು, ಕಣ್ಣೊರೆಸಿಕೊಳ್ಳಲೂ ಬಿಡಲಿಲ್ಲ.

ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಬೇಗ ಎದ್ದು ಬನ್ನಿ, ನೀವಿಲ್ಲದೆ ನನಗೆ ನಿದ್ದೆ ಹತ್ತುವುದಿಲ್ಲ. ಈ ಸಾಲನ್ನು ನಿಮ್ಮ ತಮ್ಮನೆದುರು ಗಟ್ಟಿಯಾಗಿ ಓದಬೇಡಿ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಕಟ್ಟಿದ ಗಂಟು ಬಿಚ್ಚಿ ಬರೆಯುತ್ತಿದ್ದೇನೆ, ನಿಮ್ಮ ತಮ್ಮ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಸಹಾಯಧನ ಬರಬೇಕಾದರೆ ಬೇಸಾಯ ಮಾಡುವವರ ಹೆಸರು ನನ್ನದಾಗಬೇಕಂತೆ. ಜಮೀನು ನಿಮ್ಮದೇ, ಅದಕ್ಕೇನೂ ಆಗದು. ಬುಧವಾರ ಆ ಹುಡುಗಿ ಇಲ್ಲಿಂದಲೇ ನಿಮಗೆ ಫೋನ್ ಮಾಡಿ, ಹೊಲ ಮಾಡುತ್ತಿರುವವರು ಯಾರು ಎಂದು ಕೇಳುತ್ತಾಳೆ. ಹಣಕ್ಕಾಗಿ ಹೇಳಬೇಡಿ, ಅದಿಲ್ಲದಿದ್ದರೂ ಹೇಗೋ ಸಾಗುತ್ತದೆ. ನಿಜ ಅನ್ನಿಸಿದರೆ ಮಾತ್ರ ಹೇಳಿ. ಆದರೆ "ನಮ್ಮ ಮನೆಯವಳು" ಎಂದರೆ ಸಾಲದು, ನನ್ನ ಹೆಸರೇ ಹೇಳಬೇಕು. ನಾನು ಪಕ್ಕದಲ್ಲೇ ಕಿವಿಗೊಟ್ಟು ನಿಂತಿರುತ್ತೇನೆ.