ಕೊಕ್ಕೆ ತೋರಿಸು

ಮಾರ್ಚ್ ೩, ಸಂಜೆ
ಇವತ್ತೂ ಎರಡು ಗಾಳಿಯಂತ್ರ ಹತ್ತಿದ್ದಾಯಿತು. ಬೆರಳು ಮರಗಟ್ಟಿವೆ. ತುದಿಯ ಮುಚ್ಚಳ ತೆಗೆದು ಹೊರಗೆ ಕಾಲಿಡುವ ಮುಂಚೆ ಒಬ್ಬರು "ಕ್ಲಿಪ್ ಆನ್?" ಅನ್ನಬೇಕು. ಇನ್ನೊಬ್ಬರು ಸೊಂಟದ ಕೊಕ್ಕೆಯನ್ನು ಕಬ್ಬಿಣದ ಬಳೆಗೆ ಸಿಕ್ಕಿಸಿ, ಎಳೆದು ನೋಡಿ, "ಕ್ಲಿಪ್ ಆನ್" ಎಂದು ತಿರುಗಿ ಹೇಳಬೇಕು. ಸ್ಕಾಟ್ಲೆಂಡಿಗೆ ಬಂದ ಮೇಲೆ ಕಲಿತ ಮೊದಲ ಇಂಗ್ಲಿಷ್ ಮಾತು. ಎಳೆದು ನೋಡದೆ ಒಮ್ಮೆಯೂ ಹೇಳಿಲ್ಲ. ಜೊತೆಗಾರ ಸ್ಟ್ರೂವನ್‌ಗೆ ಅಷ್ಟು ತಾಳ್ಮೆಯಿಲ್ಲ. "ಬೇಗ ಬಾರೇ ಡೈವಾ, ಪ್ರಾರ್ಥನೆ ಚರ್ಚಲ್ಲಿ ಮಾಡ್ಕೋ."

ಮಾರ್ಚ್ ೫
ಸಿಟ್ಟಿಗೆ ಮೈ ಉರಿಯುತ್ತಿದೆ. ಮುಚ್ಚಳ ತೆಗೆಯುವ ಮುಂಚೆ ಕೇಳಿದೆ. ಸ್ಟ್ರೂವನ್ "ಕ್ಲಿಪ್ ಆನ್" ಅಂದ. ನೋಡಿದರೆ ಕೊಕ್ಕೆ ಸೊಂಟದಲ್ಲೇ ತೂಗುತ್ತಿದೆ! ಅವನಾಗಲೇ ಹೊರಗೆ. ಬೈದೆ, ನಮ್ಮೂರಿನ ಲಿಥುವೇನಿಯನ್ ಭಾಷೆಯಲ್ಲೇ.
ನಗುತ್ತಾನೆ, ದರಿದ್ರದವನು. "ಹೇಗಿದ್ದೀಯ ಅಂದ್ರೆ ಚೆನ್ನಾಗಿದ್ದೀನಿ ಅಂತೀವಲ್ಲ, ಜ್ವರ ಇದ್ರೂ? ಇದೂ ಹಂಗೇ ಕಣೇ. ನಿಂಗೆ ಇಂಗ್ಲಿಷ್ ಸರಿಯಾಗಿ ಬರಲ್ಲ. ಅದಕ್ಕೇ ಹೇಳಿದ್ದೆಲ್ಲ ನಿಜ ಅಂದ್ಕೋತೀಯ."

ಮಾರ್ಚ್ ೬, ಊಟದ ಹೊತ್ತು
ಅದನ್ನೇ ಎಲ್ಲರೆದುರು ಹೇಳಿ ನಗಿಸಿದ. "ನೀನು ಬಿದ್ರೆ ಈಲಿಗೆ ಯಾರು ಹೇಳೋದು?" ಅಂದೆ. ಹೆಂಡತಿಯ ಹೆಸರು ಬಂದದ್ದೇ ಮುಖ ಗಂಟಿಕ್ಕಿದ.

ಮಾರ್ಚ್ ೭
ಮುಚ್ಚಳದ ಕೆಳಗೆ ಅಡ್ಡ ಕೂತೆ. "ಬಾಯಿ ಬೇಡ, ಕೊಕ್ಕೆ ತೋರಿಸು."
"ನೀನ್ಯಾರೇ ನಂಗೆ ಹೇಳೋಕೆ?"
ತೋರಿಸಲಿಲ್ಲ. ನಾನೂ ಏಳಲಿಲ್ಲ. ಕೆಲಸ ಬಿಟ್ಟು ಇಳಿದೆವು. ಮೇಲಿನವರಿಗೆ ದೂರು ಕೊಟ್ಟನಂತೆ. ಕೊಟ್ಟುಕೊಳ್ಳಲಿ. ಅವನ ಕೊಕ್ಕೆಯ ವಿಷಯ ನಾನೂ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರ್ಚ್ ೧೦
ನನ್ನನ್ನು ಉಗ್ರಾಣಕ್ಕೆ ಹಾಕಿದರು. ಅವನ ಜೊತೆ ಈಗ ಹತ್ತುವವನು ಮಂಗೋ, ಇಲ್ಲಿಯ ಹುಡುಗ. ಮಂಗೋಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ.

ಮಾರ್ಚ್ ೨೬
ಇವತ್ತು ಸ್ಟ್ರೂವನ್‌ನನ್ನು ಮಣ್ಣು ಮಾಡಿದೆವು.
ಚರ್ಚಿನ ಬಾಗಿಲಲ್ಲಿ ಮಂಗೋ ನನ್ನ ತೋಳು ಬಿಡಲಿಲ್ಲ. "ಬೀಳೋ ಮುಂಚೆ ಕ್ಲಿಪ್ ಆನ್ ಅಂದ, ಡೈವಾ. ಈ ಕಿವಿಯಾರೆ ಕೇಳಿದ್ದೀನಿ."
"ಕೇಳಿದ್ದೀಯ. ಕೊಕ್ಕೆ ನೋಡಿದ್ಯಾ?"
ತಲೆ ತಗ್ಗಿಸಿದ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಸತ್ತವನಿಗೂ ಎರಡು ಬಾರಿಸಬೇಕು. ಅಷ್ಟು ಸಿಟ್ಟು. ಅಳು ಬರಲೇ ಇಲ್ಲ.
ಆಮೇಲೆ ಈಲಿ ಬಂದಳು. ನನ್ನ ಕೈ ಹಿಡಿದು, "ಹೇಗಿದ್ದೀಯ?" ಅಂದಳು.
"ಚೆನ್ನಾಗಿದ್ದೀನಿ" ಅಂದುಬಿಟ್ಟೆ. ಯೋಚನೆಯೇ ಮಾಡದೆ. ಅವಳ ಎದುರಿಗೇ, ನಾನೂ ಸ್ಟ್ರೂವನ್‌ನ ಹಾಗೆಯೇ, ಬರೀ ಬಾಯಿಮಾತಿಗೆ—