ಬಿಲದ ಬಾಯಲ್ಲಿ ಒಂದು ತಲೆ

ಜುಲೈ ೩, ಮಧ್ಯಾಹ್ನ

ಮತ್ತೆ ಉಪ್ಪುಬಯಲು. ಕಾಲಿಟ್ಟಲ್ಲೆಲ್ಲ ಚರಚರ ಒಡೆಯುವ ನೆಲ. ಎರಡು ವರ್ಷ ಮಳೆಯಿಲ್ಲ, ಜೀರುಂಡೆಗಳ ಹೊಸ ಮೊಟ್ಟೆಯೂ ಇಲ್ಲ. ಹಳೆಯ ಮರಿಗಳು ಮಾತ್ರ ಬಿಲದ ಬಾಯಿ ಮುಚ್ಚಿಕೊಂಡು ಮಣ್ಣೊಳಗೇ ಕಾದವು. ಹೋದ ವಾರ ಒಂದೇ ಒಂದು ಮಳೆ — ಈಗ ಬಯಲ ತುಂಬ ಹುಲಿ ಜೀರುಂಡೆ!

ಎಂಥ ಓಟ! ಓಡುವ ಭರಕ್ಕೆ ಕಣ್ಣೇ ಕಾಣದಂತಾಗಿ ಗಕ್ಕನೆ ನಿಲ್ಲುತ್ತದೆ. ಬೇಟೆ ಎಲ್ಲಿ ಎಂದು ನೋಡುತ್ತದೆ. ಮತ್ತೆ ಓಟ. ನೆಲ ಕಾದರೆ ಉದ್ದುದ್ದ ಕಾಲು ನೆಟ್ಟಗೆ ಮಾಡಿ ಹೊಟ್ಟೆ ಎತ್ತಿ ನಿಲ್ಲುತ್ತದೆ. ಈ ಜಾತಿಯನ್ನು ಬೇರೆ ಕಡೆ ಕಂಡವರಿಲ್ಲ. ಇದರ ನೆತ್ತಿಯ ಮೇಲೆ ಕಂಪನಿಯವರು ಕಾರ್ಖಾನೆ ಕಟ್ಟುತ್ತಾರಂತೆ. ಕಟ್ಟಲಿ ನೋಡೋಣ.

ಹುಳ ನೋಡುವುದನ್ನೂ ಘೋಷಣೆ ಕೂಗುವುದನ್ನೂ ನನಗೆ ಕಲಿಸಿದವರು ಮೇಷ್ಟ್ರು. ಅಂದರು: "ನೀನು ಹೋಗಿ ಜನ ಸೇರಿಸು ತಾಯಿ. ಬಯಲು ನಾನು ನೋಡ್ಕೋತೀನಿ."

ಜುಲೈ ೫

ಇಪ್ಪತ್ತೆರಡಕ್ಕೆ ಕಾರ್ಖಾನೆಯ ಬಗ್ಗೆ ಸರ್ಕಾರದ ವಿಚಾರಣೆ. ಅಲ್ಲಿಯವರೆಗೆ ಕರಪತ್ರ, ಮೆರವಣಿಗೆ. ಗಂಟಲು ಕಟ್ಟಿದೆ. ಅತ್ತಿಗೆ ಹಂಗಿಸಿದಳು: "ಹುಳಕ್ಕೋಸ್ಕರ ಇಷ್ಟು ಕೂಗ್ತೀಯಲ್ಲೇ, ನಿಮ್ಮಣ್ಣನ್ನ ಊಟಕ್ಕೆ ಕೂಗು ಅಂದ್ರೆ ಮಾತ್ರ ದನಿ ಬರಲ್ಲ." ಆಮೇಲೆ ತಾನೇ ಕರಪತ್ರದ ಕಟ್ಟು ಹೊತ್ತು ಬಂದಳು.

ಜುಲೈ ೧೪, ಮಧ್ಯಾಹ್ನ

ಒಂದೂ ಇಲ್ಲ. ಬೆಳಿಗ್ಗೆಯಿಂದ ಮಂಡಿಯೂರಿ ಹುಡುಕಿದೆ. ಬಿಲಗಳೆಲ್ಲ ಖಾಲಿ. ವಿಷ ಹೊಡೆದರಾ? ಕಂಪನಿಯವರೇ. ಇನ್ಯಾರು? ಬ್ಯಾಗಿಗೆ ಒಂದು ಕಲ್ಲು ಹಾಕಿಕೊಂಡಿದ್ದೇನೆ. ಅವರ ಕಿಟಕಿಗೆ.

ಅದೇ ದಿನ, ಸಂಜೆ

ಕಂಪನಿಯಲ್ಲ.

ಲ್ಯಾಬಿನಲ್ಲಿ ಮೇಷ್ಟ್ರು ಪೆಟ್ಟಿಗೆ ತೆರೆದು ತೋರಿಸಿದರು. ಹುಟ್ಟಿದ ಮಗುವನ್ನು ತೋರಿಸುವವರ ಹಾಗೆ. ಸಾಲು ಸಾಲು ಜೀರುಂಡೆ, ಬೆನ್ನಿಗೊಂದೊಂದು ಸೂಜಿ. ಹೆಣ್ಣುಗಳ ಹೊಟ್ಟೆ ಉಬ್ಬಿದೆ.

"ಎಲ್ಲಾನೂ ಹಿಡಿದ್ರಾ ಮೇಷ್ಟ್ರೇ?"

"ಒಂದೆರಡು ತೋರಿಸಿದ್ರೆ ಎಲ್ಲಿಂದಲೋ ಹಾರಿ ಬಂದಿದ್ದು ಅಂತಾರೆ. ಸಾಕ್ಷಿ ಗಟ್ಟಿಯಾಗಿರಬೇಕು."

"ಮೊಟ್ಟೆ ಇಡೋಕೆ ಮುಂಚೆನೇ..."

"ಮೊದಲು ನೆಲ ಉಳೀಲಿ. ಸತ್ತ ಹುಳ ನಿಂತು ಸಾಕ್ಷಿ ಹೇಳುತ್ತೆ ಕಣಮ್ಮ. ಬದುಕಿರೋದು ಓಡಿಹೋಗುತ್ತೆ."

ತಮ್ಮ ಮಾತಿಗೆ ತಾವೇ ನಕ್ಕರು. ಕಲ್ಲು ಇನ್ನೂ ಬ್ಯಾಗಿನಲ್ಲಿತ್ತು. ಯಾರಿಗೆ ಎಸೆಯಲಿ?

ಜುಲೈ ೧೫

ನಮ್ಮವರು. ನಮ್ಮವರೇ.

ಜುಲೈ ೧೯

ಒಂದು ಮರಿ ಇದೆ! ಬಂಡೆಯ ಬುಡದಲ್ಲಿ. ಚಪ್ಪಟೆ ತಲೆಯನ್ನೇ ಬಿಲಕ್ಕೆ ಮುಚ್ಚಳ ಮಾಡಿಕೊಂಡು ಕೂತಿದೆ. ಇರುವೆ ಹತ್ತಿರ ಬಂತು — ಚಂಗನೆ ಮೇಲೆದ್ದು ಕಚ್ಚಿ ಒಳಗೆಳೆದುಕೊಂಡಿತು. ಬೆನ್ನಿನ ಕೊಕ್ಕೆಯನ್ನು ಬಿಲದ ಗೋಡೆಗೆ ಊರಿಕೊಂಡಿರುತ್ತದೆ. ಯಾವ ಬೇಟೆಯೂ ಅದನ್ನು ಹೊರಗೆಳೆಯಲಾರದು. ತಡವಾಗಿ ಬೆಳೆಯುತ್ತಿರುವ ಒಂಟಿ ಮರಿ. ಜೊತೆ ಸಿಗುತ್ತದೋ ಇಲ್ಲವೋ. ಅಲ್ಲೇ ಕೂತು ಅತ್ತುಬಿಟ್ಟೆ.

ಮೇಷ್ಟ್ರ ಫೋನು: "ಬಿಲದಲ್ಲಿ ಮರಿ ಉಳಿದಿದ್ರೆ ಅಗೆದು ತಾ. ಪೆಟ್ಟಿಗೇಲಿ ಅದೊಂದು ಕಮ್ಮಿ."

"ಏನೂ ಇಲ್ಲ ಮೇಷ್ಟ್ರೇ."

ಅವರಿಗೆ ಹೇಳಿದ ಮೊದಲ ಸುಳ್ಳು.

ಜುಲೈ ೨೨, ವಿಚಾರಣೆಯ ಹಾಲ್

ಪೆಟ್ಟಿಗೆ ನನ್ನ ತೊಡೆಯ ಮೇಲೆ. ಪಕ್ಕದಲ್ಲಿ ಮೇಷ್ಟ್ರು, ಇಸ್ತ್ರಿ ಅಂಗಿ. ಕಂಪನಿಯ ವಕೀಲ ಅಧಿಕಾರಿಗೆ ಹೇಳುತ್ತಿದ್ದಾನೆ: "ಸತ್ತ ಹುಳಕ್ಕೆ ಬಯಲು ಯಾಕೆ ಸ್ವಾಮಿ? ಬದುಕಿರೋದು ಒಂದಾದ್ರೂ ಇದೆಯಾ? ಆ ಹುಡುಗಿ ದಿನಾ ಹೋಗ್ತಾಳೆ, ಕೇಳಿ." ಹಿಂದಿನ ಸಾಲು ನಗುತ್ತಿದೆ. ಮೇಷ್ಟ್ರ ಮುಖ ಬಿಳಿಚಿದೆ.

ಇಲ್ಲ ಅಂದರೆ ಬಯಲು ಹೋಯಿತು. ಇದೆ ಅಂದರೆ ಮೇಷ್ಟ್ರು ಸಂಜೆಯೊಳಗೆ ಮರಿ ಅಗೆಯಲು ಗುದ್ದಲಿ ಹಿಡಿದು ಅಲ್ಲಿರುತ್ತಾರೆ.

ಕರೆಯುತ್ತಿದ್ದಾರೆ. ಇದೆ ಅನ್ನುತ್ತೇನೆ. ಎಲ್ಲಿ ಅಂತ ಕೇಳಿದರೆ, ಮೊದಲು ಈ ಪೆಟ್ಟಿಗೆ ತೆರೆದು, ಎಲ್ಲರ ಎದುರಿಗೆ, ಇವುಗಳ ಬೆನ್ನಿಗೆ ಸೂಜಿ ಚುಚ್ಚಿದ ಕೈ ಯಾವುದು ಅಂತ ಹೇಳುತ್ತೇನೆ. ಆಮೇಲೆ ಆ ಕೈ ಗುದ್ದಲಿ ಎತ್ತಲಿ ನೋಡೋಣ —