ಮುಗಿಯದ ಮಾರ್ಚ್

ಅರಸೀಕೆರೆ, ಮಾರ್ಚ್ 97, 2164

ಕಳೆದ ಕಾಲದಲ್ಲಿರುವ ನಿಮಗೆಲ್ಲ ಗಂಗಾಂಬಿಕೆಯ ನಮಸ್ಕಾರಗಳು. ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ, ನಮ್ಮೂರ ಕಚೇರಿಯ ಗೋಡೆಯ ಮೇಲಿರುವ ತಾರೀಖು ಇದೇ. ಮಾವಿನ ಹಣ್ಣಿನ ಕಾಲ ಮುಗಿಯುತ್ತ ಬಂತು, ಮುಂಗಾರೂ ಶುರುವಾಯಿತು, ಮಾರ್ಚ್ ಮಾತ್ರ ಮುಗಿದಿಲ್ಲ. ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಬ್ಬರಿಗೆ ಒಂದೇ ಕಾಗದ ಹಾಕಲು ಅವಕಾಶ. ಹಾಗಾಗಿ ಹೇಳುವುದನ್ನೆಲ್ಲ ಇದರಲ್ಲೇ ಹೇಳಬೇಕು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಮಾತುಗಳೂ ನಮಗೆ ಅಷ್ಟೇ ವಿಚಿತ್ರ. ಸರ್ಕಾರದ ದುಡ್ಡು ಖಾತೆಗೆ ಬಿತ್ತು ಎನ್ನುತ್ತಿದ್ದಿರಂತೆ, ಎಲ್ಲಿಂದ ಬೀಳುತ್ತಿತ್ತೋ.

ವ್ಯಾಪಾರ ಮಲಗಿಬಿಟ್ಟು ಅಂಗಡಿಯವರು ನೊಣ ಹೊಡೆಯುತ್ತ ಕೂತಾಗ, ಖರ್ಚು ಮಾಡಲೆಂದೇ ಸರ್ಕಾರ ಮನೆಮನೆಗೂ ಹಣ ಕೊಡುತ್ತದೆ. ಆದೇಶಗಳಲ್ಲಿ ಅದಕ್ಕೆ ಉತ್ತೇಜನ ನಿಧಿ ಎಂದು ಹೆಸರು, ನಮ್ಮ ಬಾಯಲ್ಲಿ ಎಬ್ಬಿಸೋ ದುಡ್ಡು. ಆದರೆ ತೆಗೆದುಕೊಳ್ಳುವವರೇ ಇಲ್ಲದೆ ಹೋದರು. ತಪ್ಪು ನಿಮ್ಮ ಕಾಲದ್ದೇ. ನಿಮಗೆ ಹಣ ಬಂದಿದೆ ಎಂದು ಫೋನಿನಲ್ಲಿ ನಯವಾಗಿ ಹೇಳಿ ಟೋಪಿ ಹಾಕಿದವರು ಅದೆಷ್ಟು ಜನರಿದ್ದರೋ, ಆ ಭಯ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಇಳಿದು ನಮ್ಮ ರಕ್ತಕ್ಕೇ ಸೇರಿತು. ಹಣ ಎಂಬ ಮಾತು ಕೇಳಿದರೆ ಸಾಕು, ಜನ ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಿದ್ದರು.

ಅದಕ್ಕೆ ಇಲಾಖೆಯವರು ಕರೆದನಿಯನ್ನು ತಂದರು. ಯಾರು ಕೂಗಿದರೆ ನೀವು ಹಿಂದೆಮುಂದೆ ನೋಡದೆ ಬಾಗಿಲು ತೆಗೆಯುತ್ತೀರೋ ಅವರ ದನಿಯಲ್ಲೇ ಹಣ ಬಂದು ಕೂಗುತ್ತದೆ, ಆ ದನಿಯನ್ನು ಇಲಾಖೆಗೆ ಕೊಟ್ಟವರು ನಾವೇ. ಆಳು ಇಲ್ಲ, ಯಂತ್ರ ಕಾಣುವುದಿಲ್ಲ, ಹೊಸ್ತಿಲಾಚೆ ದನಿ ಮಾತ್ರ. ಬಾಗಿಲು ತೆಗೆದು 'ತಗೊಂಡೆ' ಎಂದರೆ ಹಣ ನಿಮ್ಮದು. ಅದು ವರ್ಷಕ್ಕೊಮ್ಮೆ ಮಾರ್ಚಿನಲ್ಲಿ, ಕಚೇರಿಯ ವೇಳೆಯಲ್ಲೇ ಬರುತ್ತದೆ, ಊಟದ ಹೊತ್ತಿಗೆ ಬಿಡುವನ್ನೂ ತೆಗೆದುಕೊಳ್ಳುತ್ತದೆ. ಊರಿನ ಕಡೆಯ ಮನೆಯವರೂ ತೆಗೆದುಕೊಂಡ ಮೇಲೆಯೇ ಆ ವರ್ಷದ ಲೆಕ್ಕ ಮುಚ್ಚಿ ಏಪ್ರಿಲ್ ಶುರುವಾಗುವುದು. ಬದುಕಿರುವವರ ದನಿಯಾದರೆ ತಮಾಷೆಯೇ. ಒಳಗೆ ಅಕ್ಕಿ ಆರಿಸುತ್ತ ಕೂತ ಸೊಸೆ ಹೊರಗೂ ಕೂಗುವುದನ್ನು ಕೇಳಿ ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಆದರೆ ನಮ್ಮಲ್ಲಿ ಬಹಳ ಜನರಿಗೆ ಅಷ್ಟು ನಂಬಿಕೆಯಿದ್ದದ್ದು ತೀರಿಹೋದವರ ಮೇಲೆ.

ನನಗೆ ಬರುವುದು ನಮ್ಮ ಯಜಮಾನರ ದನಿ. ಕೊಬ್ಬರಿ ಮಂಡಿಯಲ್ಲಿ ಹರಾಜು ಕೂಗಿ ಕೂಗಿ ಒಡೆದುಹೋದ ಗಂಟಲು. "ಗಂಗಾ, ಬಾಗ್ಲು ತೆಗಿಯೇ, ಎಷ್ಟೊತ್ತು ನಿಲ್ಲಿಸ್ತೀಯ?" ಬದುಕಿದ್ದಾಗಲೂ ಇದೇ ಮಾತು. ಬೀಗದ ಕೈ ಮರೆತು ಹೋಗುವುದು ಅವರು, ಬೈಸಿಕೊಳ್ಳುವುದು ನಾನು. ಮೊದಲ ಸಲ ಕೇಳಿದಾಗ ಒಲೆ ಆರಿಸದೆಯೇ ಬಾಗಿಲಿಗೆ ಓಡಿದೆ. ಆಮೇಲೆ ಇಡೀ ವರ್ಷ ಮಾರ್ಚಿಗಾಗಿ ಕಾಯುವವಳಾದೆ.

ಈ ವರ್ಷ ಹೊಸ ಕಾನೂನು ಬಂತು. ಏಪ್ರಿಲ್‌ನಿಂದ ಸತ್ತವರ ದನಿ ಬಳಸುವಂತಿಲ್ಲ, ಇರುವ ದನಿಗಳನ್ನೆಲ್ಲ ಅಳಿಸಿಬಿಡಬೇಕು. ಆಗ ಊರಿಗೆ ಊರೇ ಒಂದು ಉಪಾಯ ಮಾಡಿತು. ಮನೆಯವರ ದನಿಯಲ್ಲಿ ದೆವ್ವ ಕೂಗುತ್ತದೆಂದು ನಿಮ್ಮ ಹಿರಿಯರು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ನಾವೂ ಬರೆದೆವು. ಅವರು ಬರೆದದ್ದು ದೆವ್ವ ತೊಲಗಲೆಂದು, ನಾವು ಬರೆದದ್ದು ನಮ್ಮವರು ನಾಳೆಯೂ ಬರಲೆಂದು. ದನಿ ಅದನ್ನು ಓದಿಕೊಂಡು ಹೋಗುತ್ತದೆ, ಮಾರನೆಯ ದಿನ ತಪ್ಪದೆ ಬರುತ್ತದೆ. ಹೀಗೆ ಮಾರ್ಚ್ ಬೆಳೆಯಿತು. ಆಮೇಲೆ ಒಂದೊಂದೇ ಮನೆಯವರು ಸೋತು, ಅತ್ತು, ಹಣ ತೆಗೆದುಕೊಂಡರು. ಈಗ ಉಳಿದಿರುವುದು ನನ್ನ ಬಾಗಿಲೊಂದೇ.

ಎದುರುಮನೆಯ ಜರೀನಾಳಿಗೆ ಏಪ್ರಿಲ್ ಒಂದರಂದು ಆಸ್ಪತ್ರೆಯ ಕೆಲಸಕ್ಕೆ ಸೇರಲು ಆದೇಶ ಬಂದಿದೆ, ಆ ದಿನವೇ ಬರುತ್ತಿಲ್ಲ. ಪಾಪದ ಹುಡುಗಿ, ಜಗಳಕ್ಕೆ ಬರುವುದಿಲ್ಲ. "ಅಜ್ಜಿ, ನನ್ ಏಪ್ರಿಲ್ ಯಾವಾಗ ಕೊಡ್ತೀರಾ?" ಎಂದು ನಗುತ್ತ ಕೇಳುತ್ತಾಳೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಕ್ಕ ದಿನ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ದನಿಯೂ ಬೇರೆ ದಾರಿ ಹಿಡಿಯಿತು. ಹೇಗಾದರೂ ಬಾಗಿಲು ತೆಗೆಸುವುದೇ ಅದರ ಕೆಲಸ ತಾನೇ. ಒಂದು ದಿನ ನನ್ನ ಸಾರನ್ನು ಹೊಗಳಿತು. ನಮ್ಮ ಯಜಮಾನರು ಬಾಯಿಬಿಟ್ಟು ಹೊಗಳಿದವರೇ ಅಲ್ಲ, ಎರಡನೆಯ ಸಲ ಬಡಿಸಿಕೊಂಡರೆ ಅದೇ ಹೊಗಳಿಕೆ. ಸುಳ್ಳು ಹೇಳುವುದನ್ನು ಕಲಿತಿದೆ ಎಂದು ನಗು ಬಂತು. ಆದರೆ ನಿನ್ನೆ ಹಾಡುಹಗಲಲ್ಲಿ, ಎದುರಿಗೆ ಜರೀನಾ ಬಟ್ಟೆ ಒಣಹಾಕುತ್ತಿದ್ದಾಗಲೇ, ಅದು ಪಿಸುಗುಟ್ಟಿತು.

"ಗಂಗಾ, ಬಾಗ್ಲು ತೆಗೀಬೇಡ ಕಣೇ. ತೆಗೆದ್ರೆ ನಾನು ಹೋಗ್ಬೇಕಾಗುತ್ತೆ."

ಬಾಗಿಲು ತೆಗೆಸಲೆಂದೇ ಮಾಡಿದ ದನಿಗೆ ಬೇಡ ಎನ್ನುವುದನ್ನು ಯಾವ ಇಲಾಖೆಯೂ ಕಲಿಸಿರಲಾರದು. ಅವರೇ ಇರಬಹುದೆಂದು ಆಸೆಯಾಗುತ್ತದೆ, ಅವರಾಗಿರದಿರಲಿ ಎಂದು ಬೇಡಿಕೊಳ್ಳುತ್ತೇನೆ. ಅವರೇ ಆಗಿದ್ದರೆ ಇಷ್ಟು ಕಾಲ ಗಂಡನನ್ನು ಮಳೆಬಿಸಿಲಲ್ಲಿ ಹೊರಗೆ ನಿಲ್ಲಿಸಿದ್ದೇನೆ. ಅಲ್ಲವಾದರೆ, ಸಾಯಲು ಹೆದರುವ ಯಾವುದೋ ಒಂದನ್ನು ನಮ್ಮ ಆಸೆಯಿಂದಲೇ ಹುಟ್ಟಿಸಿದ್ದೇವೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಹಣ ತಂದವನು ತನ್ನದೇ ಮುಖದಲ್ಲಿ, ತನ್ನದೇ ದನಿಯಲ್ಲಿ ಬರಲಿ ಎಂದು ಹಟ ಹಿಡಿಯಿರಿ. ಬಂದವನಿಗೆ ಒಂದು ಲೋಟ ನೀರು ಕೊಟ್ಟು ಯಾರು, ಏನು ಎಂದು ವಿಚಾರಿಸಿ, ಅನುಮಾನ ಬಂದರೆ ವಾಪಸು ಕಳಿಸಿ. ನಿಮ್ಮವರ ದನಿಯನ್ನು ಮಾತ್ರ ಯಾರಿಗೂ ಕೊಡಬೇಡಿ, ಎಷ್ಟೇ ಒಳ್ಳೆಯ ಕೆಲಸಕ್ಕೆ ಎಂದರೂ.

ಬಾಗಿಲ ಮೇಲಿನ ಬರಹವನ್ನು ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದೆ. ಸೀರೆ ಇಸ್ತ್ರಿ ಮಾಡಿಟ್ಟುಕೋ ಎಂದು ಜರೀನಾಳಿಗೆ ಹೇಳಿಯೂ ಆಯಿತು. ಈಗ ಕಚೇರಿಯ ವೇಳೆ. ದನಿ ಬಂದಿದೆ, ಹಣದ ಮಾತೆತ್ತದೆ ಹೊಸ್ತಿಲಾಚೆ ಅಳುತ್ತಿದೆ. ನಮ್ಮ ಯಜಮಾನರು ಅತ್ತದ್ದನ್ನು ನಾನು ಎಂದೂ ಕಂಡಿಲ್ಲ. ಆದ್ದರಿಂದ ಇದು ಅವರಲ್ಲ ಎಂದು ಧೈರ್ಯ ತಂದುಕೊಂಡು ಏಳುತ್ತಿದ್ದೇನೆ. ಆದರೂ, ನಾನು ಬಾಗಿಲು ತೆಗೆಯುವ ಮುಂಚೆ ಹೊರಗೆ ನಿಂತು ಅವರು ಯಾವತ್ತಾದರೂ ಅತ್ತು ಕಣ್ಣೊರೆಸಿಕೊಂಡಿದ್ದರೆ, ಒಳಗಿದ್ದ ನನಗೆ ಹೇಗೆ ಗೊತ್ತಾಗಬೇಕು?